ಎಸೆಯುವುದು ತ್ಯಾಗವಲ್ಲ

ಮನೆಯ ಹಳೆಯ ವಸ್ತುಗಳನ್ನು ಬೀದಿಯ ತೊಟ್ಟಿಗೆ ಸುರಿದು ಅದನ್ನೇ ಅಪರಿಗ್ರಹವೆಂದು ಭಾವಿಸಿ ಸಮಾಧಾನಪಡುವ ಪರಿಪಾಠವೊಂದು ಜೈನ ಕುಟುಂಬಗಳಲ್ಲಿ ಬೆಳೆಯುತ್ತಿದೆ. ಕಪಾಟು ಖಾಲಿಯಾದರೆ ಮನಸ್ಸೂ ಹಗುರಾಯಿತೆಂಬ ನಂಬಿಕೆ. ಆದರೆ ಆ ಕಪಾಟು ಮುಂದಿನ ಹಬ್ಬದೊಳಗೆ ಮತ್ತೆ ತುಂಬುತ್ತದೆ, ತುಂಬಿದ್ದು ಮತ್ತೆ ತೊಟ್ಟಿಗೆ ಹೋಗುತ್ತದೆ. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿ ಆಚಾರ್ಯರು ಪರಿಗ್ರಹವನ್ನು ಗುರುತಿಸಿದ್ದು ವಸ್ತುವಿನ ತೂಕದಿಂದಲ್ಲ, ಅದರ ಮೇಲಣ ಮೂರ್ಛೆಯಿಂದ. ಹೊಸದರ ಮೇಲಿನ ಮೂರ್ಛೆ ಇದ್ದಂತೆಯೇ ಇರುವಾಗ ಹಳೆಯದನ್ನು ಹೊರಗೆಸೆದರೆ ಅದು ತ್ಯಾಗವಾಗದು. ಜಾಗ ತೆರವು ಮಾಡಿಕೊಳ್ಳುವ ವ್ಯವಹಾರವಷ್ಟೇ ಆಗುತ್ತದೆ.

ಬಿಡುವ ಕ್ರಿಯೆಗೂ ಎಚ್ಚರ ಬೇಕೆಂಬುದನ್ನು ಜಿನಧರ್ಮದಷ್ಟು ಸ್ಪಷ್ಟವಾಗಿ ಹೇಳಿದ ಧರ್ಮ ವಿರಳ. ಮುನಿಗಳ ಐದು ಸಮಿತಿಗಳಲ್ಲಿ ಆದಾನ-ನಿಕ್ಷೇಪಣ ಸಮಿತಿಯು ವಸ್ತುವನ್ನು ಎತ್ತುವ ಮತ್ತು ಇಡುವ ಎಚ್ಚರವಾದರೆ, ಉತ್ಸರ್ಗ ಸಮಿತಿಯು ವಿಸರ್ಜಿಸುವ ಎಚ್ಚರ. ಶ್ರಾವಕನಿಗೆ ಅಷ್ಟು ಕಠಿಣವಾದ ನಿಯಮವಿಲ್ಲ, ನಿಜ. ಆದರೆ ಅವನಿಗೆ ಅನರ್ಥದಂಡವಿರತಿ ಎಂಬ ಗುಣವ್ರತವಿದೆ. ವಿಚಾರಿಸದೆ ಕಾರ್ಯಕ್ಕಿಳಿಯುವ ಅಸಮೀಕ್ಷ್ಯಾಧಿಕರಣವೂ, ಅಗತ್ಯ ಮೀರಿ ಭೋಗವಸ್ತುಗಳನ್ನು ಕೂಡಿಡುವ ಉಪಭೋಗಪರಿಭೋಗಾನರ್ಥಕ್ಯವೂ ಆ ವ್ರತದ ಅತಿಚಾರಗಳೇ. ಒಂದು ಹತ್ತಿಯ ಸೀರೆಯ ಹಿಂದೆ ಉತ್ತ ಹೊಲವಿದೆ, ಸಿಂಪಡಿಸಿದ ಕೀಟನಾಶಕವಿದೆ, ಬಣ್ಣದ ತೊಟ್ಟಿಯಿಂದ ಹರಿದುಹೋದ ನೀರಿದೆ. ಅಷ್ಟು ಹಿಂಸೆ ಆಗಿಹೋಗಿದೆ. ಅದನ್ನು ಹಿಂದಕ್ಕೆ ಪಡೆಯಲಾಗದು. ಆದರೆ ಅದೇ ಬಟ್ಟೆಗೆ ಎರಡನೆಯ ಆಯುಷ್ಯ ದೊರೆತರೆ ಇನ್ನೊಂದು ಹೊಸ ಬಟ್ಟೆಗಾಗಿ ನಡೆಯಬೇಕಾದ ಹಿಂಸೆ ಅಷ್ಟರಮಟ್ಟಿಗೆ ತಪ್ಪುತ್ತದೆ. 1990ರ ದಶಕದಲ್ಲಿ ಯುರೋಪಿನಲ್ಲಿ ಚಲಾವಣೆಗೆ ಬಂದ 'ಅಪ್‌ಸೈಕ್ಲಿಂಗ್' ಎಂಬ ಮಾತಿನ ಸಾರವೂ ಇಷ್ಟೇ: ವಸ್ತುವನ್ನು ಪುಡಿಮಾಡಿ ಕರಗಿಸದೆ, ಇದ್ದ ರೂಪದಲ್ಲಿಯೇ ಇನ್ನೂ ಉತ್ತಮವಾದ ಉಪಯೋಗಕ್ಕೆ ಏರಿಸುವುದು.

ದುರ್ದೈವದಿಂದ ಸಮಾಜದಲ್ಲಿ ಈ ವಿಚಾರ 'ಕಸದಿಂದ ರಸ' ಸ್ಪರ್ಧೆಯ ಮೇಜಿನ ಮೇಲೆ ಬಂದು ನಿಂತುಬಿಟ್ಟಿದೆ. ದಶಲಕ್ಷಣ ಪರ್ವದ ದಿನಗಳಲ್ಲಿ ನಡೆಯುವ ಇಂಥ ಸ್ಪರ್ಧೆಗಳಿಗೆಂದೇ ಹೊಸ ಬಾಟಲಿಯನ್ನು ಕೊಂಡು ಖಾಲಿ ಮಾಡಲಾಗುತ್ತದೆ. ಅದಕ್ಕೆ ಥರ್ಮೊಕೋಲು, ಮಿನುಗುಪುಡಿ, ಬಣ್ಣ, ಅಂಟು ಇವೆಲ್ಲ ಅಂಗಡಿಯಿಂದ ಬರುತ್ತವೆ. ಒಂದು ಸಂಜೆ ಚಪ್ಪಾಳೆ ಗಿಟ್ಟಿಸಿದ ಆ ಹೂದಾನಿ ಮರುವಾರ ಕಸವಾಗುತ್ತದೆ. ಅದೂ ಎಂಥ ಕಸ! ಮೊದಲಾದರೆ ಬಾಟಲಿಯನ್ನು ಗುಜರಿಯವನಾದರೂ ಕೊಳ್ಳುತ್ತಿದ್ದ. ಬಣ್ಣ ಬಳಿದು ಅಂಟು ಮೆತ್ತಿದ ಮೇಲೆ ಅವನೂ ಮುಟ್ಟುವುದಿಲ್ಲ. ಇದು ಪ್ರಮಾದಚರ್ಯೆಯೇ ಹೊರತು ಕಲೆಯಲ್ಲ. ಸ್ಪರ್ಧೆ ಏರ್ಪಡಿಸುವವರು ಬಹುಮಾನವನ್ನು ಅಂದೇ ಕೊಡದೆ ಒಂದು ವರ್ಷ ತಡೆಯಲಿ. ಮುಂದಿನ ಪರ್ವದವರೆಗೂ ಮನೆಯಲ್ಲಿ ದಿನನಿತ್ಯ ಬಳಸಿ ಸವೆದ ವಸ್ತುವಿಗೆ ಮಾತ್ರ ಬಹುಮಾನ ಸಲ್ಲಲಿ. ಆಗ ಮೇಜಿನ ಮೇಲೆ ಎಷ್ಟು ಉಳಿಯುತ್ತವೆಂಬುದನ್ನು ಎಲ್ಲರೂ ನೋಡಬಹುದು.

ಈ ವಿದ್ಯೆಯನ್ನು ಕಲಿಯಲು ಯುರೋಪಿನತ್ತ ನೋಡಬೇಕಾಗಿಯೂ ಇಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ಅಜ್ಜಿಯರು ಹಳೆಯ ಸೀರೆ, ಧೋತರಗಳಿಂದ ಕೌದಿ ಹೊಲಿಯುತ್ತ ಬಂದಿದ್ದಾರೆ. ಆದರೆ ಕೌದಿ ಮೊದಲ ಪಾಠವಲ್ಲ. ಮೊದಲ ಪಾಠ ಕೈಚೀಲ. ಬಟ್ಟೆಯನ್ನು ಒಗೆದು ಒಣಗಿಸಿ, ಬೆಳಕಿಗೆ ಹಿಡಿದು ನೋಡಬೇಕು. ಎಳೆ ತೆಳುವಾದ ಕಡೆಯೆಲ್ಲ ಬೆಳಕು ತೂರಿ ಬರುತ್ತದೆ. ಆ ಭಾಗವನ್ನು ನಿರ್ದಾಕ್ಷಿಣ್ಯವಾಗಿ ಕತ್ತರಿಸಿ ಒರೆಸುವ ಬಟ್ಟೆಗೆಂದು ತೆಗೆದಿಡಬೇಕು. ಸೀರೆಯಲ್ಲಿ ಹೆಚ್ಚಾಗಿ ಗಟ್ಟಿಯಾಗಿ ಉಳಿಯುವುದು ಸೆರಗು ಮತ್ತು ಅಂಚು. ಚೀಲದ ಹಿಡಿಗೆ ಅಂಚೇ ಸರಿ. ಹಿಡಿ ಕೂಡುವ ಜಾಗದಲ್ಲಿ ಎರಡು ಪದರ ಕೊಟ್ಟು ಚೌಕಾಕಾರವಾಗಿ ಹೊಲಿಯದಿದ್ದರೆ ಐದು ಕಿಲೋ ಅಕ್ಕಿಯ ಭಾರಕ್ಕೇ ಅದು ಕಿತ್ತುಬರುತ್ತದೆ. ಹೀಗೆ ಕಿತ್ತುಬಂದ ಮೊದಲ ಚೀಲವೇ ಎರಡನೆಯ ಚೀಲಕ್ಕೆ ಗುರು. ನಾಲ್ಕಾರು ಚೀಲಗಳಾದ ಮೇಲೆ ಕೌದಿಗೆ ಕೈ ಹಚ್ಚಬಹುದು. ಒಂದೇ ಜಾತಿಯ ಬಟ್ಟೆಗಳನ್ನು ಆರಿಸುವುದು, ಪದರಗಳನ್ನು ಸುಕ್ಕಿಲ್ಲದೆ ಹಾಸಿ ದೊಡ್ಡ ಹೊಲಿಗೆಯಿಂದ ಮೊದಲು ಹಿಡಿದಿಡುವುದು, ಆಮೇಲೆ ಸೂಜಿ ಮೇಲೆ-ಕೆಳಗೆ ಓಡುವ ಸಣ್ಣ ಹೊಲಿಗೆಯನ್ನು ಒತ್ತೊತ್ತಾಗಿ ಹಾಕುವುದು, ಇವಿಷ್ಟೇ ಅದರ ಗುಟ್ಟು. ಹತ್ತಿಯ ಜೊತೆ ಪಾಲಿಯೆಸ್ಟರ್ ಬೆರೆತರೆ ಒಗೆದಾಗ ಒಂದು ಕುಗ್ಗಿ ಇನ್ನೊಂದು ಕುಗ್ಗದೆ ಕೌದಿ ಗಂಟುಗಂಟಾಗುತ್ತದೆ. ನೀರು ಸೋಸುವ ಬಟ್ಟೆಯನ್ನು ಮಾತ್ರ ಎಳೆ ಸವೆದು ತೆಳುವಾದ ಭಾಗದಿಂದ ಮಾಡಬಾರದು. ಹಾಗೆ ತೆಳುವಾದ ಕಡೆ ಬಟ್ಟೆಯ ಕಣ್ಣು ಅಗಲವಾಗಿರಬಹುದು. ಜೀವರಕ್ಷಣೆಯ ಉದ್ದೇಶವೇ ಅಲ್ಲಿ ಸೋರಿಹೋಗುತ್ತದೆ. ಬಣ್ಣದ, ಕೀಟನಾಶಕದ ಡಬ್ಬಿಗಳು ಎಷ್ಟು ತೊಳೆದರೂ ಅಡುಗೆಮನೆಗೆ ಬರತಕ್ಕವಲ್ಲ.

'ಎಂದಾದರೂ ಬೇಕಾದೀತು' ಎಂದು ಅಟ್ಟದ ತುಂಬ ಡಬ್ಬಿ, ರಟ್ಟು, ಚಿಂದಿಗಳನ್ನು ಪೇರಿಸುವವರು ಈ ಮಾತುಗಳಿಂದ ಬಲ ಪಡೆಯಬೇಕಾಗಿಲ್ಲ. ಆ ರಾಶಿಯಲ್ಲಿ ಜಿರಳೆ ಗೆದ್ದಲುಗಳು ಹುಟ್ಟುತ್ತವೆ. ಬಳಿಕ ಅವನ್ನು ಕೊಲ್ಲುವ ಔಷಧಿ ಮನೆಗೆ ಬರುತ್ತದೆ. ಇಂಥ ವಸ್ತುವಿಗೂ ಪರಿಮಾಣ ಬೇಕು: ಒಂದು ಪೆಟ್ಟಿಗೆ, ಆರು ತಿಂಗಳು. ಅಷ್ಟರಲ್ಲಿ ಕೈ ಮುಟ್ಟದ್ದನ್ನು ಬೇಕಾದವರಿಗೆ ದಾಟಿಸಬೇಕು.

ಇನ್ನೂ ಕಠಿಣವಾದ ಪ್ರಶ್ನೆ ರೇಷ್ಮೆಯದು. ಹುಳುವನ್ನು ಗೂಡಿನೊಳಗೇ ಕೊಂದು ನೂಲು ಬಿಚ್ಚುವ ಸಾಮಾನ್ಯ ವಿಧಾನದಲ್ಲಿ ಒಂದು ಸೀರೆಗೆ ಸಾವಿರಾರು ಗೂಡುಗಳು ಬೇಕು. ಅಜ್ಜಿಯ ರೇಷ್ಮೆ ಸೀರೆಯನ್ನು ದಿಂಬಿನ ಹೊದಿಕೆಯಾಗಿಸಿದರೆ ಹೊಸದಾಗಿ ಯಾವ ಹುಳುವೂ ಸಾಯುವುದಿಲ್ಲವೆಂದು ವಾದಿಸುವವರಿದ್ದಾರೆ. ಕೃತ, ಕಾರಿತಗಳ ಮಟ್ಟಿಗೆ ಆ ವಾದ ನಿಲ್ಲುತ್ತದೆ. ಅನುಮೋದನೆಯ ಮಟ್ಟಿಗೆ ನಿಲ್ಲುವುದಿಲ್ಲ. ಪಡಸಾಲೆಯಲ್ಲಿ ಮಿರುಗುವ ಆ ದಿಂಬನ್ನು ಕಂಡು ನೆರೆಯಾಕೆ ಹೊಸ ರೇಷ್ಮೆ ಕೊಂಡರೆ ಅದರ ಪಾಲು ಎಲ್ಲಿಗೆ ಸೇರುತ್ತದೆ? ಮನೆಯೊಳಗಿನ ಮರೆಯ ಬಳಕೆ ಬೇರೆ, ಪ್ರದರ್ಶನ ಬೇರೆ. ಶಾಸ್ತ್ರಗ್ರಂಥಗಳನ್ನು ಸುತ್ತುವ ವಸ್ತ್ರವಂತೂ ರೇಷ್ಮೆಯದಾಗಿರಬಾರದು, ಅದು ಎಷ್ಟೇ ಹಳೆಯದಾಗಿರಲಿ. ಅಹಿಂಸೆಯನ್ನು ಬೋಧಿಸುವ ಗ್ರಂಥಕ್ಕೆ ಸತ್ತ ಹುಳುಗಳ ನೂಲನ್ನು ಗೌರವದ ಹೊದಿಕೆಯಾಗಿ ತೊಡಿಸುವುದನ್ನು ಯಾವ ಮಿತವ್ಯಯದ ಲೆಕ್ಕವೂ ಸಮರ್ಥಿಸಲಾರದು. ಒಗೆದ ಹತ್ತಿಯ ಪಂಚೆ ಸಾಕು.

ಇನ್ನು ಬಸದಿಗಳ ಟ್ರಸ್ಟುಗಳು. ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಒಮ್ಮೆ ಅನುಭವಿಸಿ ಬಿಡುವುದನ್ನು ಭೋಗವೆಂದೂ, ಮತ್ತೆ ಮತ್ತೆ ಅನುಭವಿಸುವುದನ್ನು ಉಪಭೋಗವೆಂದೂ ವಿಂಗಡಿಸಿದರು. ಅನ್ನ ಭೋಗ, ತಟ್ಟೆ ಉಪಭೋಗ. ಇಂದಿನ ಸಾಮೂಹಿಕ ಭೋಜನ ತಟ್ಟೆಯನ್ನೂ ಭೋಗದ ಸಾಲಿಗೆ ತಳ್ಳಿಬಿಟ್ಟಿದೆ! ಸ್ಟೀಲ್ ತಟ್ಟೆ ತೊಳೆಯಲು ನೀರು ವ್ಯಯವಾಗಿ ಜಲಕಾಯಿಕ ಜೀವಗಳಿಗೆ ಹಿಂಸೆಯಾಗುತ್ತದೆಂಬ ಆಕ್ಷೇಪ ಆಗಾಗ ಕೇಳಿಬರುತ್ತದೆ. ಕಾಗದದ ತಟ್ಟೆ ನೀರಿಲ್ಲದೆ ತಯಾರಾಯಿತೆ? ಎಂಜಲು ಮೆತ್ತಿದ ತಟ್ಟೆಗಳ ರಾಶಿ ರಾತ್ರಿಯಿಡೀ ಬಸದಿಯ ಹಿಂಬದಿಯಲ್ಲಿ ಕೊಳೆಯುವಾಗ ಅಲ್ಲಿ ಹುಟ್ಟಿ ಸಾಯುವ ಜೀವಗಳ ಲೆಕ್ಕವನ್ನು ಇಡುವವರು ಯಾರು?

ಫ್ಲೆಕ್ಸ್ ಫಲಕಗಳ ವಿಷಯ ಇದಕ್ಕಿಂತ ಲಜ್ಜಾಸ್ಪದ. ಕರ್ನಾಟಕ ಸರ್ಕಾರ 2016ರಲ್ಲಿಯೇ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳೊಡನೆ ಫ್ಲೆಕ್ಸನ್ನೂ ನಿಷೇಧಿಸಿತು. ಆದರೂ ಪಂಚಕಲ್ಯಾಣದ ಹೆಸರಿನಲ್ಲಿ ಅವು ಏಳುತ್ತಲೇ ಇವೆ; ಅವುಗಳ ಮೇಲೆ ತೀರ್ಥಂಕರರ ಚಿತ್ರ, ಪಕ್ಕದಲ್ಲಿ ದಾನಿಗಳ ಚಿತ್ರ. ಉತ್ಸವ ಮುಗಿದ ಮೇಲೆ ಆ ಹಾಳೆ ಸೌದೆಯ ಮೇಲಿನ ಹೊದಿಕೆಯಾಗುತ್ತದೆ. ಅದನ್ನು ಮರುಬಳಕೆಯೆಂದು ಹೊಗಳುವವರು ಭಗವಂತರ ಚಿತ್ರ ಮಳೆಯಲ್ಲಿ, ಕೆಸರಿನಲ್ಲಿ ಬಿದ್ದಿರುವುದನ್ನು ಗಮನಿಸಿದಂತಿಲ್ಲ. ಸುಟ್ಟರೆ ವಿಷಯುಕ್ತ ಹೊಗೆ, ಧಾನ್ಯ ಒಣಗಿಸಲು ಹಾಸಿದರೆ ಆಹಾರಕ್ಕೆ ಅಪಾಯ. ಎರಡನೆಯ ಉಪಯೋಗವನ್ನು ಯೋಚಿಸಬೇಕಾದದ್ದು ವಸ್ತುವನ್ನು ಮಾಡಿಸುವ ಮೊದಲೇ. ತಿಥಿ, ವರ್ಷ, ದಾನಿಗಳ ಹೆಸರು ಯಾವುದೂ ಇಲ್ಲದ ಒಂದು ಹತ್ತಿಯ ಫಲಕವನ್ನು ಟ್ರಸ್ಟು ಬರೆಸಿಟ್ಟುಕೊಂಡರೆ ಅದು ಹತ್ತು ಉತ್ಸವಗಳಿಗೆ ಬರುತ್ತದೆ. ಹನ್ನೊಂದನೆಯ ವರ್ಷ ಅಕ್ಷರವಿಲ್ಲದ ಭಾಗದಿಂದ ಪಾಠಶಾಲೆಯ ಮಕ್ಕಳಿಗೆ ಪುಸ್ತಕದ ಚೀಲ ಹೊಲಿಯಬಹುದು. ದಾನಿಗಳ ಹೆಸರು ಬೇಕೇಬೇಕೆಂದಾದರೆ ಬಸದಿಯ ಗೋಡೆಯ ಮೇಲೆ ಕಪ್ಪು ಹಲಗೆಯಿದೆ, ಸೀಮೆಸುಣ್ಣವಿದೆ.