‘ನೀಳ್ಳು’ ಎಂದ ಮಗುವಿನ ವಿಡಿಯೊ: ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮೊಳಕಾಲ್ಮೂರು ತಾಲ್ಲೂಕಿನ ಮಾನ್ಯ ಕ್ಷೇತ್ರ ಶಿಕ್ಷಣಾಧಿಕಾರಿಗಳೇ,

ಅಧಿಕಾರಿಗಳಿಗೆ ಹೇಳಿ ಕಳಿಸುವಾಗ ಮೊದಲು ಕ್ಷೇಮ ಕೇಳುವುದು ನಮ್ಮ ತಾಲ್ಲೂಕಿನಲ್ಲಿ ಅಶೋಕನ ಕಾಲದ ರೂಢಿ. ಬ್ರಹ್ಮಗಿರಿಯ ಬಂಡೆಯ ಮೇಲಿನ ಅಶೋಕನ ಶಾಸನವನ್ನು ತಾವೂ ನೋಡಿರಬೇಕು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ, ಅಂದರೆ ಅಧಿಕಾರಿಗಳಿಗೆ, ಹೋದ ಆ ಸಂದೇಶದಲ್ಲಿ ಮೊದಲು ಆರೋಗ್ಯದ ಮಾತು, ಆಮೇಲೆ ಅಪ್ಪಣೆ. ನಾನು ಅಪ್ಪಣೆ ಕೊಡುವವನಲ್ಲ, ಮಗ್ಗದವನು. ತಾವು ಕ್ಷೇಮವೆಂದು ನಂಬಿ ವಿಷಯಕ್ಕೆ ಬರುತ್ತೇನೆ.

ನನ್ನ ಮೊಮ್ಮಗಳು ಎರಡನೇ ತರಗತಿ ಓದುತ್ತಾಳೆ. ಸೊಸೆ ರಾಯದುರ್ಗದ ಕಡೆಯವಳು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ಈ ಗಡಿಯಲ್ಲಿ ಎರಡು ನುಡಿ ಹಾಸುಹೊಕ್ಕಾಗಿರುವುದು ತಮಗೆ ಹೊಸದೇನಲ್ಲ.

ಒಂದು ದಿನ ಅವಳ ಮೇಷ್ಟ್ರು ಮೊಬೈಲು ಹಿಡಿದುಕೊಂಡು, ಕೊಡದ ಚಿತ್ರ ತೋರಿಸಿ, ‘ಇದರೊಳಗೆ ಏನಿರುತ್ತೆ?’ ಎಂದು ಕೇಳಿದ್ದಾರೆ. ‘ನೀಳ್ಳು’ ಎಂದಿದ್ದಾಳೆ, ತೆಲುಗಿನಲ್ಲಿ ನೀರು. ‘ಕನ್ನಡದಲ್ಲಿ ಹೇಳು.’ ‘ನೀಳ್ಳು ಸಾ.’ ಮೂರನೇ ಸಲಕ್ಕೆ ಕಣ್ಣು ತುಂಬಿ ಬಂದಿದೆ. ಹಿಂದೆ ಮಕ್ಕಳೆಲ್ಲ ಗೊಳ್ಳೆಂದ ಸದ್ದು, ಅದರ ಮೇಲೊಂದು ಸಿನಿಮಾ ಹಾಸ್ಯದ ಸಂಗೀತ. ಒಟ್ಟು ಇಪ್ಪತ್ತು ಸೆಕೆಂಡಿನ ವಿಡಿಯೊ, ಮೇಷ್ಟ್ರು ತಮ್ಮ ಖಾತೆಗೆ ಹಾಕಿದ್ದು. ನಾನು ಅದನ್ನು ನೋಡಿದ್ದು ಸಂತೆಯಲ್ಲಿ. ಗುರುತಿನ ಹುಡುಗನೊಬ್ಬ ‘ತಾತಾ, ಇದು ನಿಮ್ಮ ಪಾಪ ಅಲ್ವಾ?’ ಎಂದು ನಗುತ್ತಾ ಫೋನು ಮುಂದೆ ಹಿಡಿದ. ನಾನೂ ಮೊದಲು ನಕ್ಕೆ. ಅದನ್ನು ಮುಚ್ಚಿಟ್ಟರೆ ಈ ಪತ್ರ ಸುಳ್ಳಾಗುತ್ತದೆ.

ಬ್ರಹ್ಮಗಿರಿಯ ಅದೇ ಬಂಡೆಯಲ್ಲಿ ಶಿಷ್ಯ ಗುರುವನ್ನು ಗೌರವಿಸಬೇಕೆಂದೂ ಇದೆ. ನಮ್ಮ ಹುಡುಗಿ ಅದನ್ನು ಚಾಚೂ ತಪ್ಪದೆ ಪಾಲಿಸಿದಳು. ಮೂರು ಸಲವೂ ಎದ್ದು ನಿಂತು ಉತ್ತರ ಕೊಟ್ಟಳು.

ಮೇಷ್ಟ್ರು ಕೆಟ್ಟವರಲ್ಲ. ಹೇಳಿದ ಕೂಡಲೇ ಅಳಿಸಿದರು, ಮನೆಗೂ ಬಂದು ಹೋದರು. ಆದರೆ ಅಷ್ಟರಲ್ಲಿ ಯಾರಾರೋ ಅದನ್ನು ಇಳಿಸಿಕೊಂಡು ತಮ್ಮ ತಮ್ಮ ಖಾತೆಗೆ ಏರಿಸಿಕೊಂಡಿದ್ದರು. ಅವಳು ವಾರವಿಡೀ ಶಾಲೆಯ ಚೀಲ ಮುಟ್ಟಲಿಲ್ಲ.

2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ನಿಲ್ಲಿಸಿದಾಗ ಈ ಚಟ ಮುಗಿಯಿತು ಅಂದುಕೊಂಡಿದ್ದೆವು. ಮರುತಿಂಗಳೇ ರೀಲ್ಸ್ ಬಂತು, ಆಮೇಲೆ ಶಾರ್ಟ್ಸ್. ಹದಿಮೂರು ತುಂಬದವರಿಗೆ ಖಾತೆ ಕೊಡುವುದಿಲ್ಲ ಎನ್ನುತ್ತದೆ ಇನ್‌ಸ್ಟಾಗ್ರಾಂ. ಏಳು ವರ್ಷದವಳ ಅಳು ಮಾತ್ರ ಅಲ್ಲಿ ಸಲೀಸಾಗಿ ಓಡುತ್ತದೆ.

ಕಾನೂನು ಇಲ್ಲವೇ ಎಂದರೆ, ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟು ಹೇಳಿತಲ್ಲ, ಆ ಮೊಕದ್ದಮೆ ಹೂಡಿದವರು ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2023ರ ಡಿಜಿಟಲ್ ಮಾಹಿತಿ ರಕ್ಷಣಾ ಕಾಯ್ದೆಯೂ ಹದಿನೆಂಟರೊಳಗಿನವರ ಮಾಹಿತಿಗೆ ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆ. ಇಷ್ಟಿದ್ದೂ ನಮ್ಮನ್ನು ಯಾರೂ ಕೇಳಲಿಲ್ಲ. ಮೊಳಕಾಲ್ಮೂರು ಸೀರೆಗೆ ಭೌಗೋಳಿಕ ಗುರುತಿದೆ. ಬೇರೆ ಕಡೆ ನೇಯ್ದದ್ದಕ್ಕೆ ನಮ್ಮೂರ ಹೆಸರು ಹಚ್ಚಿ ಮಾರಿದರೆ ಅದು ತಪ್ಪು. ಊರ ಹೆಸರಿಗೆ ಅಷ್ಟು ಕಾವಲು. ಊರ ಮಗುವಿನ ಮುಖವನ್ನು ಮಾತ್ರ ಯಾರು ಬೇಕಾದರೂ ಎತ್ತಿಕೊಂಡು ಹೋಗಬಹುದು.

ಎಲ್ಲ ವಿಡಿಯೊ ನಿಲ್ಲಿಸಿ ಎನ್ನುತ್ತಿಲ್ಲ. ನನ್ನ ಮಗನೇ ಮಗ್ಗದ ಮುಂದೆ ಫೋನು ನಿಲ್ಲಿಸಿ, ಲಾಳಿ ಓಡುವುದನ್ನು ತೋರಿಸಿ ಎರಡು ಸೀರೆ ಮಾರಿದ್ದಾನೆ. ಮಕ್ಕಳು ಹಾಡುವುದು, ಲೆಕ್ಕ ಬಿಡಿಸುವುದು ನೋಡಿ ಸರ್ಕಾರಿ ಶಾಲೆಯ ಮೇಲೆ ನಂಬಿಕೆ ಬಂದವರಿದ್ದಾರೆ. ಮೇಷ್ಟ್ರುಗಳ ಕಷ್ಟವೂ ಗೊತ್ತು. ಸಸಿ ನೆಟ್ಟರೆ ಫೋಟೊ, ಮೊಟ್ಟೆ ಕೊಟ್ಟರೆ ಫೋಟೊ ಎಂದು ಮೇಲಿನಿಂದಲೇ ಕೇಳಿದರೆ, ಪಾಠ ಮಾಡುವ ಕೈಗೆ ಫೋನು ತಾನಾಗಿಯೇ ಬರುತ್ತದೆ. ಕಚೇರಿಗೆ ಬೇಕಾದ ಫೋಟೊ ಕಚೇರಿಗಷ್ಟೇ ಹೋಗಲಿ, ಮೇಷ್ಟ್ರ ಸ್ವಂತ ಖಾತೆಗಲ್ಲ.

ಇಷ್ಟಕ್ಕೊಂದು ಸುತ್ತೋಲೆ ಹೊರಡಿಸಿ. ದಾಖಲಾತಿಯ ಹೊತ್ತಿಗೇ ಹೆತ್ತವರಿಗೆ ಅರ್ಥವಾಗುವ ಮಾತಿನಲ್ಲಿ ಓದಿ ಹೇಳಿ ಒಪ್ಪಿಗೆ ಬರೆಸಿಕೊಳ್ಳಲಿ. ಬೇಡವೆಂದವರ ಮಗುವನ್ನು ಬೇರೆ ಕಣ್ಣಿನಿಂದ ನೋಡದಿರಲಿ. ತಪ್ಪುವ, ತೊದಲುವ, ಅಳುವ ಮಗುವಿನ ವಿಡಿಯೊವನ್ನಂತೂ, ಹೆತ್ತವರೇ ಒಪ್ಪಿದರೂ ಯಾರೂ ಹಾಕಕೂಡದು. ಹರಡಿದ ಮೇಲೆ ತೆಗೆಸುವುದು ಹೇಗೆ, ಮಕ್ಕಳ ಸಹಾಯವಾಣಿ 1098ಕ್ಕೆ ಯಾವಾಗ ಫೋನು ಮಾಡಬೇಕು ಎಂಬುದನ್ನು ಶಾಲೆಯ ಗೋಡೆಯ ಮೇಲೆ ಬರೆಸಿ.

ಬ್ರಹ್ಮಗಿರಿಯ ಶಾಸನದ ಕೊನೆಗೆ ಬರೆದವನು ಚಪಡ ಎಂದು ತನ್ನ ಹೆಸರು ಹಾಕಿಕೊಂಡಿದ್ದಾನೆ. ನಾನು ಹಾಕುತ್ತಿಲ್ಲ. ಹಾಕಿದರೆ ಹುಡುಗಿ ಯಾರೆಂದು ಮತ್ತೆ ಹುಡುಕುತ್ತಾರೆ.

ಅವಳು ಈಗ ಶಾಲೆಗೆ ಹೋಗುತ್ತಿದ್ದಾಳೆ. ಬಾಯಾರಿದರೆ ಮನೆಯಲ್ಲೂ ಲೋಟ ತೋರಿಸುತ್ತಾಳೆ, ಹೆಸರು ಹೇಳುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಮೊಳಕಾಲ್ಮೂರಿನ ಒಬ್ಬ ನೇಕಾರ