ಬಾಯ್ಲ್ ತಿದ್ದದೆ ಬಿಟ್ಟ ಅಂಕಿಗಳು

ಔಷಧಿ ಅಂಗಡಿಯಿಂದ ಹತ್ತು ಮಿಲಿಲೀಟರಿನ ಹೊಸ ಸಿರಿಂಜ್ ಒಂದನ್ನು ತನ್ನಿ. ಸೂಜಿ ಬೇಡ. ಪಿಸ್ಟನ್ನನ್ನು 10ರ ಗುರುತಿನವರೆಗೆ ಎಳೆದು, ತುದಿಯ ತೂತನ್ನು ಬೆರಳಿನಿಂದ ಭದ್ರವಾಗಿ ಮುಚ್ಚಿ. ಈಗ ನಿಧಾನವಾಗಿ ಒತ್ತಿ. ಮೊದಲು ಸಲೀಸಾಗಿ ಸರಿಯುವ ಪಿಸ್ಟನ್, 5ರ ಗುರುತು ಹತ್ತಿರವಾದಂತೆ ನಿಮ್ಮ ಕೈಯನ್ನೇ ತಳ್ಳತೊಡಗುತ್ತದೆ. ಕೈ ಬಿಟ್ಟರೆ ಹಿಂದಕ್ಕೆ ಜಾರುತ್ತದೆ. ಒಳಗೆ ಸಿಕ್ಕಿಕೊಂಡ ಗಾಳಿ ಸ್ಪ್ರಿಂಗಿನಂತೆ ವರ್ತಿಸುತ್ತಿದೆ.

ಗಾಳಿಗೆ ಇಂಥ ಗುಣವಿದೆ ಎಂದು ರಾಬರ್ಟ್ ಬಾಯ್ಲ್ 1660ರಲ್ಲಿ ಪುಸ್ತಕ ಬರೆದಾಗ ಎಲ್ಲರೂ ಒಪ್ಪಲಿಲ್ಲ. ಬಾರೋಮೀಟರಿನಲ್ಲಿ 29 ಅಂಗುಲ ಪಾದರಸವನ್ನು ಎತ್ತಿ ಹಿಡಿಯುವ ಬಲ ಗಾಳಿಗೆಲ್ಲಿದೆ, ಕಣ್ಣಿಗೆ ಕಾಣದ ಎಳೆಯೊಂದು ಅದನ್ನು ಮೇಲಿನಿಂದ ಜಗ್ಗಿ ಹಿಡಿದಿದೆ ಎಂದು ಫ್ರಾನ್ಸಿಸ್ ಲೈನಸ್ ಎಂಬ ಪಾದ್ರಿ ವಾದಿಸಿದ. ಬಾಯ್ಲ್ ಮಾತಿಗೆ ಮಾತು ಬೆಳೆಸದೆ ಅಳೆಯಲು ಹೊರಟ.

ಇಂಗ್ಲಿಷಿನ 'ಜೆ' ಅಕ್ಷರದಂತೆ ಬಾಗಿದ ಗಾಜಿನ ಕೊಳವೆ. ಗಿಡ್ಡ ತೋಳಿನ ತುದಿ ಮುಚ್ಚಿದೆ, ಉದ್ದ ತೋಳು ತೆರೆದಿದೆ. ಕೊಳವೆ ಎಷ್ಟು ಉದ್ದವಿತ್ತೆಂದರೆ ಕೋಣೆಯಲ್ಲಿ ನಿಲ್ಲಿಸಲಾಗದೆ ಮೆಟ್ಟಿಲುಗಳ ಬಳಿ ನಿಲ್ಲಿಸಬೇಕಾಯಿತು. ಗಿಡ್ಡ ತೋಳಿನಲ್ಲಿದ್ದ 12 ಅಂಗುಲ ಗಾಳಿಯನ್ನು 48 ಭಾಗಗಳೆಂದು ಗುರುತಿಸಿ, ಉದ್ದ ತೋಳಿಗೆ ಪಾದರಸ ಸುರಿಯುತ್ತ ಹೋದರು. ಮೊದಲು ಗಾಳಿಯ ಮೇಲಿದ್ದುದು ವಾತಾವರಣದ ಒತ್ತಡ ಮಾತ್ರ, ಅಂದರೆ ಸುಮಾರು 29.1 ಅಂಗುಲ ಪಾದರಸದಷ್ಟು. ಗಾಳಿ 24 ಭಾಗಗಳಿಗೆ ಕುಗ್ಗಿದಾಗ ಒಟ್ಟು ಒತ್ತಡ 58.8 ಅಂಗುಲ. 12 ಭಾಗಗಳಿಗೆ ಕುಗ್ಗಿದಾಗ 117.6 ಅಂಗುಲ. ಗಾತ್ರ ಅರ್ಧವಾದರೆ ಒತ್ತಡ ಎರಡರಷ್ಟು, ಗಾತ್ರ ಕಾಲುಭಾಗವಾದರೆ ಒತ್ತಡ ನಾಲ್ಕರಷ್ಟು. ಉಷ್ಣತೆ ಬದಲಾಗದಿದ್ದರೆ ಅನಿಲದ ಒತ್ತಡ ಮತ್ತು ಗಾತ್ರಗಳ ಗುಣಲಬ್ಧ ಒಂದೇ ಆಗಿರುತ್ತದೆ ಎಂದು ನಾವು ಬಾಯಿಪಾಠ ಮಾಡುವ ನಿಯಮ ಇದೇ.

ಆದರೆ ಲೆಕ್ಕದ ಪ್ರಕಾರ ಬರಬೇಕಾದ್ದು 58.8 ಅಲ್ಲ, 58.25. ಹಾಗೆಯೇ 117.6 ಅಲ್ಲ, 116.5. ಬಾಯ್ಲ್ ಏನು ಮಾಡಿದ ಗೊತ್ತೆ? 1662ರಲ್ಲಿ ಪುಸ್ತಕದ ಎರಡನೆಯ ಆವೃತ್ತಿ ಹೊರಬಂದಾಗ, ಅಳೆದ ಅಂಕಿಗಳನ್ನು ಒಂದು ಸಾಲಿನಲ್ಲಿ, ಬರಬೇಕಾಗಿದ್ದ ಅಂಕಿಗಳನ್ನು ಪಕ್ಕದ ಸಾಲಿನಲ್ಲಿ ಅಚ್ಚು ಹಾಕಿಸಿದ. ಇಷ್ಟು ಸೂಕ್ಷ್ಮ ಪ್ರಯೋಗದಲ್ಲಿ ಇಂಥ ಸಣ್ಣ ವ್ಯತ್ಯಾಸ ತಪ್ಪಿಸುವುದು ಕಷ್ಟವೆಂದು ಬರೆದ. ಇಲ್ಲಿ ವ್ಯತ್ಯಾಸ ಶೇಕಡಾ ಒಂದಕ್ಕಿಂತ ಕಡಿಮೆ. ವಿಲೋಮಾನುಪಾತದ ಊಹೆ ರಿಚರ್ಡ್ ಟೌನ್ಲಿ ಎಂಬಾತನದೆಂದೂ ಮರೆಮಾಚದೆ ಹೇಳಿದ.

ಈಗ ನಮ್ಮ ಪ್ರಯೋಗಾಲಯಗಳಿಗೆ ಬನ್ನಿ. ಇದೇ ಪ್ರಯೋಗದಲ್ಲಿ ಗುಣಲಬ್ಧ ಎಲ್ಲ ಸಾಲಿನಲ್ಲೂ ಒಂದೇ ಬರುವಂತೆ ಹಿಂದಿನಿಂದ ಲೆಕ್ಕ ಹಾಕಿ 'ರೀಡಿಂಗ್' ತುಂಬಿಸುವ ವಿದ್ಯೆ ವಿದ್ಯಾರ್ಥಿಗಳಿಗೆ ಹೊಸದಲ್ಲ. ಈ ಅಂಕಣಕಾರನೂ ಪಿ.ಯು.ಸಿ.ಯಲ್ಲಿ ಅದನ್ನು ಮಾಡಿದವನೇ. ಪೂರ್ತಿ ಅಂಕ ಬಂತು. ಗಾಳಿಯ ವಿಷಯ ಮಾತ್ರ ಏನೂ ತಿಳಿಯಲಿಲ್ಲ.

ನಷ್ಟ ಅಂಕಕ್ಕಿಂತ ದೊಡ್ಡದು. ಬಾಯ್ಲನ ವ್ಯತ್ಯಾಸಗಳು ಅಳತೆಯ ದೋಷ, ನಿಜ. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಇನ್ನೂ ನಿಖರವಾಗಿ ಅಳೆದಾಗ, ಅನಿಲಗಳು ಈ ನಿಯಮವನ್ನು ಪೂರ್ತಿ ಪಾಲಿಸುವುದಿಲ್ಲವೆಂದು ಕಂಡುಬಂತು. ಅಣುಗಳಿಗೂ ಗಾತ್ರವಿದೆ, ಅವು ಒಂದನ್ನೊಂದು ಸೆಳೆಯುತ್ತವೆ, ಅದಕ್ಕೇ ಹೀಗೆ ಎಂದು ಹಾಲೆಂಡಿನ ವಾನ್ ಡರ್ ವಾಲ್ಸ್ 1873ರಲ್ಲಿ ವಿವರಿಸಿದ. 1910ರಲ್ಲಿ ಅವನಿಗೆ ನೊಬೆಲ್ ಪ್ರಶಸ್ತಿ ಬಂತು. ತಾಳೆಯಾಗದ ಅಂಕಿಗಳನ್ನು ಹಿಂದಿನವರು ಅಳಿಸಿಬಿಟ್ಟಿದ್ದರೆ ವಿವರಿಸಲು ಅವನಿಗೆ ಏನು ಉಳಿಯುತ್ತಿತ್ತು?

ಪಾಲಕರಲ್ಲಿ ಒಂದು ಮಾತು. ಮಗ ಅಥವಾ ಮಗಳು ಪ್ರಯೋಗ ಮುಗಿಸಿ ಬಂದಾಗ 'ಉತ್ತರ ಸರಿ ಬಂತೆ?' ಎನ್ನುವ ಬದಲು 'ಎಷ್ಟು ಬಂತು?' ಎಂದು ಕೇಳಿ. ವಿದ್ಯಾರ್ಥಿಗಳೇ, ಬಂದದ್ದನ್ನೇ ಬರೆಯಿರಿ. ವ್ಯತ್ಯಾಸವಿದ್ದರೆ ಏಕಿರಬಹುದೆಂದು ಕೆಳಗೆ ಎರಡು ಸಾಲು ಸೇರಿಸಿ. ಬಾಯ್ಲ್ ಮಾಡಿದ್ದೂ ಅಷ್ಟೇ.