‘ಯಾರಿಂದ ಬಂತು?’ ಎಂಬುದಕ್ಕಿಂತ ‘ಮುಂದೇನು?’ ಎಂಬುದೇ ಮುಖ್ಯ: ಎಚ್‌ಪಿವಿ ಮತ್ತು ನಮ್ಮ ಮನೆಗಳು



2025ರ ಮಾರ್ಚ್ 14ರಂದು ತಮಿಳುನಾಡಿನ ಹಣಕಾಸು ಸಚಿವ ತಂಗಂ ತೆನ್ನರಸು ಅವರು ಮಂಡಿಸಿದ ಬಜೆಟ್ಟಿನಲ್ಲಿ ನಮ್ಮ ಮನೆಗಳಿಗೆ ನೇರವಾಗಿ ತಟ್ಟುವ ಒಂದು ಘೋಷಣೆ ಇತ್ತು: 14 ವರ್ಷದ ಹೆಣ್ಣುಮಕ್ಕಳಿಗೆ ಹಂತ ಹಂತವಾಗಿ ಎಚ್‌ಪಿವಿ ಲಸಿಕೆ, ಅದಕ್ಕಾಗಿ 36 ಕೋಟಿ ರೂಪಾಯಿ. ಪುಣೆಯ ಸೀರಂ ಸಂಸ್ಥೆಯ ‘ಸರ್ವಾವ್ಯಾಕ್’ ಲಸಿಕೆ 2023ರ ಜನವರಿಯಲ್ಲೇ ಬಿಡುಗಡೆಯಾಗಿತ್ತು. 2024ರ ಕೇಂದ್ರ ಮಧ್ಯಂತರ ಬಜೆಟ್ಟೂ 9ರಿಂದ 14 ವರ್ಷದ ಹುಡುಗಿಯರ ಲಸಿಕೆಗೆ ಉತ್ತೇಜನ ಕೊಡುವುದಾಗಿ ಹೇಳಿತ್ತು. ಗರ್ಭಕಂಠದ ಕ್ಯಾನ್ಸರ್ ತಡೆಯುವ ದಾರಿಯಲ್ಲಿ ಇವೆಲ್ಲ ಒಳ್ಳೆಯ ಹೆಜ್ಜೆಗಳು.

ಆದರೆ ಮಗಳಿಗೆ ಲಸಿಕೆ ಸಿಕ್ಕಿತು ಎಂದುಕೊಳ್ಳಿ, ತಾಯಿಯ ಗತಿ ಏನು? ದೇಹದೊಳಗೆ ಈಗಾಗಲೇ ಇರುವ ವೈರಸ್ಸನ್ನು ಲಸಿಕೆ ಹೊರಹಾಕುವುದಿಲ್ಲ. ಸಿರುಮುಗೈಯಲ್ಲಿ ಮಗ್ಗದ ಮುಂದೆ ಕೂರುವ, ತಿರುಪ್ಪೂರಿನ ಬನಿಯನ್ ಕಂಪನಿಗೆ ಬೆಳಗ್ಗೆ ಬಸ್ಸು ಹತ್ತುವ ನಮ್ಮ ಮೂವತ್ತು ನಲವತ್ತರ ಹೆಣ್ಣುಮಕ್ಕಳಿಗೆ ಮುಖ್ಯ ರಕ್ಷಣೆ ತಪಾಸಣೆಯೇ.

ಇಲ್ಲಿ ನಮ್ಮ ಸ್ಥಿತಿ ಹೇಗಿದೆ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 30ರಿಂದ 49 ವರ್ಷದ ಮಹಿಳೆಯರಲ್ಲಿ ಜೀವಮಾನದಲ್ಲಿ ಒಮ್ಮೆಯಾದರೂ ಈ ತಪಾಸಣೆ ಮಾಡಿಸಿಕೊಂಡವರು ತಮಿಳುನಾಡಿನಲ್ಲಿ ಶೇ 9.8, ಕರ್ನಾಟಕದಲ್ಲಿ ಶೇ 0.5, ಇಡೀ ದೇಶದಲ್ಲಿ ಶೇ 1.9. ನಾವಿರುವ ರಾಜ್ಯ ಮುಂದಿದೆ, ನಿಜ. ಆದರೂ ಹತ್ತರಲ್ಲಿ ಒಂಬತ್ತು ಮಂದಿ ಹೊರಗೇ ಉಳಿದಿದ್ದಾರೆ. 2022ರ ಅಂತಾರಾಷ್ಟ್ರೀಯ ಅಂದಾಜಿನಂತೆ ಭಾರತದಲ್ಲಿ ಒಂದೇ ವರ್ಷ ಸುಮಾರು 1.27 ಲಕ್ಷ ಮಹಿಳೆಯರಿಗೆ ಈ ಕ್ಯಾನ್ಸರ್ ಬಂತು. ಸುಮಾರು 80 ಸಾವಿರ ಮಂದಿ ತೀರಿಕೊಂಡರು.

ದೂರ, ಖರ್ಚು, ಕೂಲಿ ತಪ್ಪುವುದು, ನಾಚಿಕೆ – ಕಾರಣಗಳು ಹಲವು. ಬಾಯಿಬಿಟ್ಟು ಹೇಳದ ಇನ್ನೊಂದು ಕಾರಣವೂ ಇದೆ: ಭಯ. ಚೀಟಿಯಲ್ಲಿ ‘ಪಾಸಿಟಿವ್’ ಎಂದು ಬಂದರೆ ಮನೆಯಲ್ಲಿ ಏನೆನ್ನುತ್ತಾರೆ? ಎಚ್‌ಪಿವಿ ಲೈಂಗಿಕ ಸಂಪರ್ಕದಿಂದ ಹರಡುವ ವೈರಸ್ ಎಂದು ಕೇಳಿದ ಕೂಡಲೇ ಗಂಡ ಹೆಂಡತಿಯನ್ನೋ, ಹೆಂಡತಿ ಗಂಡನನ್ನೋ ಶಂಕಿಸುವ ಸಾಧ್ಯತೆ ಇದೆ. ಹದಿನೈದು ಇಪ್ಪತ್ತು ವರ್ಷದ ಸಂಸಾರಕ್ಕೆ ಒಂದು ತುಂಡು ಕಾಗದ ಬೆಂಕಿ ಇಡಬಹುದು. ಹಾಗಾಗಿ ವಿಜ್ಞಾನ ಏನು ಹೇಳುತ್ತದೆ ಎಂಬುದನ್ನು ಇಬ್ಬರೂ ತಿಳಿದಿರಬೇಕು.

ಎಚ್‌ಪಿವಿಯಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ಕ್ಯಾನ್ಸರಿಗೆ ದಾರಿ ಮಾಡಬಲ್ಲವು ಸುಮಾರು 14. ಅವುಗಳಲ್ಲಿ 16 ಮತ್ತು 18ನೇ ಬಗೆಗಳೇ ಮುಖ್ಯ ಅಪಾಯಕಾರಿಗಳು. ಲೈಂಗಿಕ ಜೀವನ ಇರುವ ಬಹುತೇಕ ಎಲ್ಲರಿಗೂ, ಗಂಡಸರಿಗೂ ಹೆಂಗಸರಿಗೂ, ಯಾವಾಗಲಾದರೊಮ್ಮೆ ಇದು ತಗಲುತ್ತದೆ. ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ದೇಹವೇ ಅದನ್ನು ಹತೋಟಿಗೆ ತರುತ್ತದೆ. ಕೆಲವರಲ್ಲಿ ಪರೀಕ್ಷೆಗೂ ಸಿಗದಷ್ಟು ಸುಮ್ಮನೆ ವರ್ಷಗಟ್ಟಲೆ ಇದ್ದು, ಮತ್ತೆ ಕಾಣಿಸಿಕೊಳ್ಳಬಹುದು. ಆದ್ದರಿಂದ ಇಂದು ಬಂದ ಪಾಸಿಟಿವ್ ಫಲಿತಾಂಶ ವೈರಸ್ ಎಂದು ಬಂತು, ಯಾರಿಂದ ಬಂತು ಎಂದು ಹೇಳಲಾರದು. ಮದುವೆಗೆ ಮುಂಚಿನದೂ ಇರಬಹುದು, ಇಪ್ಪತ್ತು ವರ್ಷ ಹಳೆಯದೂ ಇರಬಹುದು. ಅದು ನಡತೆಯ ಸರ್ಟಿಫಿಕೇಟ್ ಅಲ್ಲ, ದಾಂಪತ್ಯದ್ರೋಹಕ್ಕೆ ಸಾಕ್ಷಿಯೂ ಅಲ್ಲ.

ಅದು ಕ್ಯಾನ್ಸರ್ ಬಂದಿದೆ ಎಂಬ ತೀರ್ಪೂ ಅಲ್ಲ. ವೈರಸ್ ಬಿಡದೆ ಉಳಿದುಕೊಂಡರೂ ಗರ್ಭಕಂಠದ ಜೀವಕೋಶಗಳು ಕೆಟ್ಟು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15–20 ವರ್ಷ ಬೇಕು. ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ, ಮುಖ್ಯವಾಗಿ ಚಿಕಿತ್ಸೆ ಪಡೆಯದ ಎಚ್‌ಐವಿ ಇದ್ದವರಲ್ಲಿ, ಇದು ಬೇಗ ಆಗಬಹುದು. ಧೂಮಪಾನವೂ ಅಪಾಯ ಹೆಚ್ಚಿಸುತ್ತದೆ. ಈ ದೀರ್ಘ ಅವಧಿಯೇ ನಮಗಿರುವ ಅವಕಾಶ. ಆರಂಭದ ಬದಲಾವಣೆಯನ್ನು ಗುರುತಿಸಿದರೆ ಸಣ್ಣ ಚಿಕಿತ್ಸೆಯಲ್ಲೇ ತೆಗೆದುಹಾಕಬಹುದು. ಎಚ್‌ಪಿವಿ ಪಾಸಿಟಿವ್ ಎಂಬ ಒಂದೇ ಕಾರಣಕ್ಕೆ ಗರ್ಭಕೋಶ ತೆಗೆಸಬೇಕಿಲ್ಲ. ಯಾರಾದರೂ ಹಾಗೆಂದರೆ ಇನ್ನೊಬ್ಬ ಡಾಕ್ಟರರ ಅಭಿಪ್ರಾಯ ಕೇಳಿ.

ತಪಾಸಣೆ ಜೀವ ಉಳಿಸುತ್ತದೆ ಎಂಬುದಕ್ಕೆ ಪುರಾವೆ ನಮ್ಮ ಪಕ್ಕದಲ್ಲೇ ಇದೆ. ತಿರುಪ್ಪೂರು ಜಿಲ್ಲೆಗೆ ಅಂಟಿಕೊಂಡಿರುವ ದಿಂಡುಗಲ್ ಜಿಲ್ಲೆಯಲ್ಲಿ 2000ದಿಂದ 2003ರವರೆಗೆ ತರಬೇತಿ ಪಡೆದ ನರ್ಸ್‌ಗಳು 31 ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ತಪಾಸಿಸಿದರು. ವಿಧಾನ ಸರಳ: ವಿನೆಗರ್‌ನಂಥ ದ್ರಾವಣ ಹಚ್ಚಿ, ಗರ್ಭಕಂಠ ಬೆಳ್ಳಗಾಗುತ್ತದೆಯೇ ಎಂದು ಕಣ್ಣಿನಿಂದ ನೋಡುವುದು. 2007ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದಂತೆ, ಹೋಲಿಕೆಗೆ ಇಟ್ಟುಕೊಂಡ ಊರುಗಳಿಗಿಂತ ಇಲ್ಲಿ ಈ ಕ್ಯಾನ್ಸರ್ ಶೇ 25ರಷ್ಟು, ಸಾವು ಶೇ 35ರಷ್ಟು ಕಡಿಮೆಯಾಗಿತ್ತು. ಬೀದರ್, ಕಲಬುರಗಿಗೆ ತಾಗಿರುವ ಮಹಾರಾಷ್ಟ್ರದ ಆಗಿನ ಉಸ್ಮಾನಾಬಾದ್ ಜಿಲ್ಲೆಯ ಇನ್ನೊಂದು ಅಧ್ಯಯನ 2009ರಲ್ಲಿ ಹೊರಬಂತು. ಅಲ್ಲಿ ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ನಡೆದ ಗುಂಪಿನಲ್ಲಿ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಇಂದು ವಿಶ್ವ ಆರೋಗ್ಯ ಸಂಸ್ಥೆ ಎಚ್‌ಪಿವಿ ಪರೀಕ್ಷೆಗೇ ಆದ್ಯತೆ ಕೊಡುತ್ತದೆ: 30 ವರ್ಷದಿಂದ ಆರಂಭಿಸಿ, 5ರಿಂದ 10 ವರ್ಷಕ್ಕೊಮ್ಮೆ. ಈ ಪರೀಕ್ಷೆ ಹೆಚ್ಚಿದಂತೆ ‘ಪಾಸಿಟಿವ್’ ಚೀಟಿಗಳೂ ಹೆಚ್ಚು ಮನೆಗಳಿಗೆ ಬರುತ್ತವೆ. ಅದನ್ನು ಓದುವುದು ಹೇಗೆಂದು ಈಗಲೇ ಕಲಿಯುವುದು ಮೇಲು.

ಗಂಡಂದಿರಿಗೆ ಒಂದು ಮಾತು. ಗಂಡಸರಿಗೆ ಇಂಥದೇ ತಪಾಸಣೆ ರೂಢಿಯಲ್ಲಿಲ್ಲ; ಹಾಗಾಗಿ ಕಾಗದದ ಮೇಲೆ ಹೆಸರು ಬರುವುದು ಹೆಂಡತಿಯದೊಂದೇ. ವೈರಸ್ ಮಾತ್ರ ಇಬ್ಬರದೂ ಆಗಿರಬಹುದು. ನೀವು ಮಾಡಬೇಕಾದದ್ದು ವಿಚಾರಣೆಯಲ್ಲ. ಒಂದು ದಿನ ರಜೆ ಹಾಕಿ ಜೊತೆಗೆ ಹೋಗಿ, ಮುಂದಿನ ಪರೀಕ್ಷೆಯ ತಾರೀಕು ನೆನಪಿಡಿ, ಮನೆಯಲ್ಲಿ ಬೀಡಿ ಸಿಗರೇಟು ನಿಲ್ಲಿಸಿ. ಕಾಂಡೋಮ್ ಅಪಾಯ ತಗ್ಗಿಸುತ್ತದೆ, ಪೂರ್ತಿ ತಡೆಯುವುದಿಲ್ಲ.

ಭಾಷೆಯ ತೊಡಕೂ ಇದೆ. ಮನೆಯಲ್ಲಿ ಕನ್ನಡ, ಆಸ್ಪತ್ರೆಯಲ್ಲಿ ತಮಿಳು. ಬೋರ್ಡಿನ ಮೇಲೆ ‘ಕರುಪ್ಪೈ ವಾಯ್ ಪುಟ್ರುನೋಯ್’ ಎಂದಿದ್ದರೆ ಅದೇ ನಮ್ಮ ಗರ್ಭಕಂಠದ ಕ್ಯಾನ್ಸರ್. ಸರಕಾರಿ ಆಸ್ಪತ್ರೆಯಲ್ಲಿ ಈ ಹೆಸರು ಹೇಳಿ ತಪಾಸಣೆ ಕೇಳಿ. ಸಂತಾನಹರಣ ಶಸ್ತ್ರಚಿಕಿತ್ಸೆ ಆದವರಿಗೂ ತಪಾಸಣೆ ಬೇಕು. ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ದೇಹಸಂಪರ್ಕದ ನಂತರ ಅಥವಾ ಎರಡು ಮುಟ್ಟಿನ ನಡುವೆ ರಕ್ತ ಹೋದರೆ, ದುರ್ವಾಸನೆಯ ಸ್ರಾವ ನಿಲ್ಲದಿದ್ದರೆ ಶಿಬಿರಕ್ಕಾಗಿ ಕಾಯದೆ ಕೂಡಲೇ ಡಾಕ್ಟರರನ್ನು ಕಾಣಿ.

ಸಂಘಕ್ಕೆ ಒಂದು ಸಲಹೆ. ಮುಂದಿನ ಕೂಟದಲ್ಲಿ ಒಬ್ಬ ಮಹಿಳಾ ಡಾಕ್ಟರರನ್ನು ಕರೆದು ಒಂದು ಗಂಟೆ ಈ ವಿಷಯಕ್ಕೇ ಮೀಸಲಿಡೋಣ. ಆದರೆ ಅದನ್ನು ‘ಮಹಿಳಾ ವಿಭಾಗದ ಕಾರ್ಯಕ್ರಮ’ ಎಂದು ಬೇರೆ ಮಾಡುವುದು ಬೇಡ. ದಂಪತಿಗಳು ಒಟ್ಟಿಗೆ ಕೂತು ಕೇಳಲಿ. ಒಟ್ಟಿಗೆ ಕೇಳಿಸಿಕೊಂಡವರ ಮನೆಗೆ ನಾಳೆ ಆ ಚೀಟಿ ಬಂದರೂ ‘ಯಾರಿಂದ?’ ಎಂಬ ಮಾತು ಏಳುವುದಿಲ್ಲ, ‘ಮುಂದಿನ ಪರೀಕ್ಷೆ ಯಾವಾಗ?’ ಎಂದೇ ಕೇಳುತ್ತಾರೆ.